ಬೆಟ್ಟ ಹತ್ತುವವರ ಋಣ

ಶನಿವಾರದ ಬೆಳಿಗ್ಗೆ ಸಿದ್ಧಕಟ್ಟೆಯಲ್ಲಿ ಬಸ್ಸಿಗೆ ಕಾದು ನಿಲ್ಲುವವರಿಗೆ ಈಚಿನ ವರ್ಷಗಳಲ್ಲಿ ಒಂದು ನೋಟ ರೂಢಿಯಾಗಿದೆ. ಬಂಟವಾಳದ ಕಡೆಯಿಂದ ಬಂದು ಮೂಡುಬಿದಿರೆಯ ದಾರಿ ಹಿಡಿಯುವ ಕಾರುಗಳು, ಸಾಲುಸಾಲಾಗಿ ಮೋಟಾರು ಸೈಕಲ್ಲುಗಳು. ಸವಾರರ ಬೆನ್ನಿಗೆ ಭಾರಿ ಚೀಲ, ಕಾಲಿಗೆ ದಪ್ಪ ಅಟ್ಟೆಯ ಬೂಟು. ಚಹಾದಂಗಡಿಯ ಮುಂದೆ ನಿಲ್ಲಿಸುತ್ತಾರೆ. ನಾರಾವಿಗೆ ದಾರಿ ಯಾವುದು, ಕುದುರೆಮುಖಕ್ಕೆ ಇನ್ನೆಷ್ಟು ಹೊತ್ತು ಎಂದು ವಿಚಾರಿಸಿಕೊಂಡು ಹೊರಟುಹೋಗುತ್ತಾರೆ. ಅವರು ಹೋದ ಮೇಲೆ ನಿಂತವರಲ್ಲಿ ಒಬ್ಬಿಬ್ಬರು ಮೂಡಣ ದಿಕ್ಕಿಗೆ ತಿರುಗಿ ನೋಡುವುದುಂಟು. ಮಳೆಗಾಲ ಕಳೆದು ಆಕಾಶ ತೊಳೆದಿಟ್ಟಂತಿರುವ ದಿನಗಳಲ್ಲಿ ಈ ಸೀಮೆಯ ಎತ್ತರದ ಪದವುಗಳ ಮೇಲಿಂದ ಘಟ್ಟದ ನೀಲಿ ಗೋಡೆ ಚೆನ್ನಾಗಿ ಕಾಣುತ್ತದೆ. ನಮಗೆ ಅದು ಹೊಳೆ ಹುಟ್ಟುವ ದಿಕ್ಕು, ಬೆಳಕು ಮೂಡುವ ದಿಕ್ಕು. ಅಲ್ಲಿಗೆ ವಿಹಾರಕ್ಕೆಂದು ಹೋಗಬೇಕೆಂಬ ಯೋಚನೆ ನಮ್ಮ ಹಿರಿಯರಿಗೆ ಬಂದಿರಲಿಲ್ಲ.

ಹೋಗುವುದು ತಪ್ಪೆಂದು ನಾನು ಹೇಳುತ್ತಿಲ್ಲ. ನಾನೂ ನಡೆಯುವ ಚಟದವನೇ. ವಾರವಿಡೀ ನಾಲ್ಕು ಗೋಡೆಗಳ ನಡುವೆ ಹಳಗನ್ನಡದ ಛಂದಸ್ಸನ್ನು ಬಿಡಿಸಿ ಹೇಳುವವನಿಗೆ ಒಂದು ದಿನ ಕಾಡಿನ ನೆರಳಿನಲ್ಲಿ ನಡೆದು ಬಂದರೆ ಆಗುವ ಸುಖ ಇಂಥದೆಂದು ಬಣ್ಣಿಸುವುದು ಕಷ್ಟ. ಪೇಟೆಯ ಕಚೇರಿಗಳಲ್ಲಿ ದಿನಗಟ್ಟಲೆ ಯಂತ್ರದ ಮುಂದೆ ಕುಳಿತಿರುವ ಎಳೆಯರಿಗೆ ಅದು ಇನ್ನಷ್ಟು ಅಗತ್ಯ. ಬೆಟ್ಟ ಹತ್ತುವವನ ದೇಹ ದಣಿಯುತ್ತದೆ, ಮನಸ್ಸು ಹಗುರಾಗುತ್ತದೆ, ಅಹಂಕಾರ ಸ್ವಲ್ಪ ಇಳಿಯುತ್ತದೆ. ಇವೆಲ್ಲ ಒಳ್ಳೆಯವೇ. ಆದರೆ ಒಳ್ಳೆಯ ಸುಖಕ್ಕೂ ಒಂದು ಲೆಕ್ಕವುಂಟು. ಆ ಲೆಕ್ಕವನ್ನು ನಾವು ಯಾರಿಗೆ ಒಪ್ಪಿಸಬೇಕು ಎಂಬುದು ನನ್ನನ್ನು ಕೆಲವು ಕಾಲದಿಂದ ಕಾಡುತ್ತಿರುವ ಪ್ರಶ್ನೆ. ಅದು ಹುಟ್ಟಿಕೊಂಡ ಸಂದರ್ಭವನ್ನು ಮೊದಲು ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ, ಮಳೆ ನಿಂತ ಹೊಸದರಲ್ಲಿ, ನಮ್ಮ ತರಗತಿಯ ಇಪ್ಪತ್ತು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಘಟ್ಟದ ಬುಡದ ಒಂದು ಹಳ್ಳಿಯ ಮೇಲಣ ಜಲಪಾತಕ್ಕೆ ಹೋಗಿದ್ದೆ. ಪರವಾನಗಿ ಪಡೆದಿದ್ದೆವು, ಶುಲ್ಕ ಕಟ್ಟಿದ್ದೆವು, ಪ್ಲಾಸ್ಟಿಕ್ಕಿನ ಚೂರೂ ಬಿಸಾಡಬಾರದೆಂದು ಹುಡುಗರಿಗೆ ತಾಕೀತು ಮಾಡಿದ್ದೆ. ಕಾಡಿನ ದಾರಿ ಒಂದು ಕಡೆ ಒಂದು ಸಣ್ಣ ಮನೆಯ ಅಂಗಳದ ಅಂಚಿನಲ್ಲೇ ಹಾದುಹೋಗುತ್ತಿತ್ತು. ಅಡಿಕೆ ಸುಲಿಯುತ್ತ ಕುಳಿತಿದ್ದ ಮುದುಕಿಯೊಬ್ಬರು ನಮ್ಮ ದಂಡನ್ನು ಕಂಡು ಎದ್ದು ಒಳಗೆ ಹೋಗಿ ಒಂದು ಚೆಂಬು ನೀರು, ಬಟ್ಟಲಲ್ಲಿ ಬೆಲ್ಲ ತಂದು ಜಗಲಿಯ ಮೇಲಿಟ್ಟರು. ನಮ್ಮ ಬಳಿ ನೀರಿನ ಬಾಟಲಿಗಳಿದ್ದವು. ಮೇಲಾಗಿ ಹೊತ್ತು ಮೀರುತ್ತಿತ್ತು. ‘ಬೇಡ ಅಜ್ಜಿ, ನಮ್ಮಲ್ಲಿ ಉಂಟು’ ಎಂದು ನಕ್ಕು ಮುಂದೆ ಹೋದೆವು. ಹುಡುಗರಲ್ಲಿ ಇಬ್ಬರು ಆ ಮನೆಯ ಚಿತ್ರ ತೆಗೆದುಕೊಂಡರು. ಚಿತ್ರ ಬಹಳ ಸೊಗಸಾಗಿಯೂ ಬಂದಿತ್ತು.

ಅಂದು ಒಬ್ಬಳು ವಿದ್ಯಾರ್ಥಿನಿ ನಮ್ಮೊಂದಿಗೆ ಬಂದಿರಲಿಲ್ಲ. ಮುಂದಿನ ವಾರ, ಏಕೆ ಬರಲಿಲ್ಲವೆಂದು ಕೇಳಿದಾಗ ಆಕೆ ತುಸು ಸಂಕೋಚದಿಂದಲೇ ಹೇಳಿದಳು: ‘ನಾನು ಮನೆಯಲ್ಲೇ ಇದ್ದೆ ಸರ್. ನೀವು ನಮ್ಮ ಅಂಗಳದಲ್ಲೇ ಹಾದುಹೋದದ್ದು. ಅಜ್ಜಿ ಕೊಟ್ಟ ಬೆಲ್ಲ ನೀರು ಯಾರೂ ಮುಟ್ಟಲಿಲ್ಲವೆಂದು ಅವರಿಗೆ ಬೇಜಾರಾಯಿತು.’ ಹಾಗಿದ್ದರೆ ನಿನ್ನ ಮನೆ ಅಲ್ಲೇ ಎಂದು ಮೊದಲೇ ಹೇಳಬಾರದಿತ್ತೆ ಎಂದೆ. ಆಕೆ ಕೊಂಚ ತಡೆದು, ‘ನೋಡಲಿಕ್ಕೆ ಬರುವುದು ಬೇರೆಯಲ್ಲವಾ ಸರ್, ಮನೆಗೆ ಬರುವುದು ಬೇರೆ’ ಎಂದಳು. ಆಕೆ ಅದನ್ನು ಆಕ್ಷೇಪದ ದನಿಯಲ್ಲಿ ಹೇಳಲಿಲ್ಲ. ಆದರೆ ನನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲ.

ತುಳುನಾಡಿನಲ್ಲಿ ಹುಟ್ಟಿದವರಿಗೆ ಬೆಲ್ಲ ನೀರಿನ ಅರ್ಥವನ್ನು ವಿವರಿಸಬೇಕಾಗಿಲ್ಲ. ಬಾಯಾರಿಕೆ ಉಂಟೋ ಇಲ್ಲವೋ, ಬಂದವನು ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿ ಗುಟುಕು ನೀರು ಕುಡಿದರೆ, ‘ನಾನು ನಿಮ್ಮ ಮನೆಗೆ ಬಂದಿದ್ದೇನೆ’ ಎಂದು ಒಪ್ಪಿಕೊಂಡಂತೆ. ನಾವು ಅದನ್ನು ಮುಟ್ಟದೆ ಹೋದಾಗ, ‘ನಿಮ್ಮ ಮನೆಗಲ್ಲ, ಜಲಪಾತಕ್ಕೆ ಬಂದವರು’ ಎಂದು ತಿಳಿಸಿದಂತಾಯಿತು. ನಾವು ಯಾವ ಕಾನೂನನ್ನೂ ಮುರಿಯಲಿಲ್ಲ, ಯಾವ ಗಿಡವನ್ನೂ ಕೀಳಲಿಲ್ಲ. ಆದರೂ ತಪ್ಪಾಯಿತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಎಲ್ಲ ನಿಯಮಗಳನ್ನೂ ಪಾಲಿಸಿದ ಮೇಲೂ ಉಳಿಯುವ ಈ ತಪ್ಪು ಯಾವ ಜಾತಿಯದು?

ಆ ಮನೆಯವರು ಮಲೆಕುಡಿಯರು. ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದುದ್ದಕ್ಕೂ, ಕಾರ್ಕಳ, ಸುಳ್ಯಗಳ ಕಾಡಂಚಿನಲ್ಲೂ ಈ ಜನರಿದ್ದಾರೆ. ಮನೆಮಾತು ತುಳು, ಸರಕಾರದ ಪಟ್ಟಿಯಲ್ಲಿ ಪರಿಶಿಷ್ಟ ಪಂಗಡ. 1909ರಲ್ಲಿ ಅಚ್ಚಾದ ಎಡ್ಗರ್ ಥರ್ಸ್ಟನ್ನನ ದೊಡ್ಡ ಗ್ರಂಥದಲ್ಲಿಯೇ ನೆರಿಯ, ಧರ್ಮಸ್ಥಳ, ಶಿಶಿಲಗಳ ಕುಡಿಯರ ಪ್ರಸ್ತಾಪವಿದೆ. ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ತೇರಿಗೆ ಕಾಡಿನಿಂದ ಬೆತ್ತ ತಂದು ರಥ ಕಟ್ಟುವ ಹಕ್ಕು ಪರಂಪರೆಯಿಂದ ಇವರದು. ಆ ರಥವನ್ನು ಕಂಡು ಕೈಮುಗಿಯುವ ನಾವು ಬೆತ್ತ ಬೆಳೆಯುವ ಕಾಡೂ ಅದನ್ನು ಬಲ್ಲ ಕೈಗಳೂ ಒಂದಕ್ಕೊಂದು ಅಂಟಿಕೊಂಡಿವೆ ಎಂಬುದನ್ನು ನೆನೆಯುವುದು ಅಪರೂಪ. ಕನ್ನಡ ಓದಿದವರು ಇವರನ್ನು ಇನ್ನೊಂದು ಕಡೆಯೂ ಕಂಡಿರಬೇಕು. ಶಿವರಾಮ ಕಾರಂತರು 1951ರಲ್ಲಿಯೇ ‘ಕುಡಿಯರ ಕೂಸು’ ಎಂಬ ಕಾದಂಬರಿಯನ್ನು ಬರೆದರು. ಅದನ್ನು ಪಾಠ ಹೇಳಿದ್ದ ನಾನು ಒಂದು ಕುಡಿಯರ ಮನೆಯ ಮುಂದೆ ನಿಂತು ನೀರು ಬೇಡವೆಂದು ಬಂದವನು. ಪುಸ್ತಕದಲ್ಲಿ ಗುರುತು ಹಿಡಿದವರನ್ನು ಅಂಗಳದಲ್ಲಿ ಗುರುತು ಹಿಡಿಯದೆ ಇರುವುದು ಸಾಧ್ಯವೆಂದು ಆ ದಿನ ತಿಳಿಯಿತು.

ಕಾಡಿನೊಂದಿಗೆ ಇವರಿಗಿದ್ದ ಸಂಬಂಧವನ್ನು ಹೊರಗಿನವರು ಬರೆದ ಕಾಗದಗಳು ಪದೇ ಪದೇ ಬದಲಾಯಿಸಿವೆ. 1860ರ ಸುಮಾರಿಗೆ ಮದ್ರಾಸು ಸರಕಾರ ಕೆನರಾ ಸೀಮೆಯ ಕುಮರಿ ಬೇಸಾಯಕ್ಕೆ ತಡೆ ಹಾಕಿತು; ಮರ ಸವರಿ ಸುಟ್ಟು ಒಂದೆರಡು ಬೆಳೆ ತೆಗೆದು ಮುಂದೆ ಸಾಗುವ ಬದುಕು ಅಪರಾಧವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬಂತು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡು ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ತಾತ ಮುತ್ತಾತಂದಿರ ಕಾಲದಿಂದ ಇದ್ದ ಮನೆಗಳು ಕೂತಲ್ಲಿಯೇ ಉದ್ಯಾನದ ಒಳಗಾದವು. ರಸ್ತೆ ಅಗಲ ಮಾಡಲು, ವಿದ್ಯುತ್ತಿನ ತಂತಿ ಎಳೆಯಲು, ಸೇತುವೆ ಕಟ್ಟಲು ಒಂದೊಂದಕ್ಕೂ ಅನುಮತಿ ಬೇಕಾಯಿತು. ಕಾಯಿಲೆ ಬಿದ್ದವರನ್ನು ಹೊತ್ತುಕೊಂಡು ಬೆಟ್ಟ ಇಳಿಯಬೇಕಾದ ಸಂಗತಿಗಳನ್ನು ಪತ್ರಿಕೆಗಳಲ್ಲಿ ಓದಿದವರಿಗೆ ಇದು ಹೊಸದಲ್ಲ. ಸ್ವಇಚ್ಛೆಯಿಂದ ಹೊರಬರುವ ಕುಟುಂಬಗಳಿಗೆ ಪರಿಹಾರ ಕೊಡುವ ಏರ್ಪಾಡಾಯಿತು. ಕೆಲವರು ಹೊರಬಂದರು, ಕೆಲವರು ಉಳಿದರು. ಈ ನಡುವೆ ಕಾಡಿಗೆ ನಕ್ಸಲರ ಹೆಸರೂ ಅಂಟಿಕೊಂಡಿತು. 2003ರ ನವೆಂಬರಿನಲ್ಲಿ ನಾರಾವಿಗೆ ಸಮೀಪದ ಈದುವಿನಲ್ಲಿ ಗುಂಡಿನ ಸದ್ದು ಕೇಳಿಸಿದ ಮೇಲೆ, ಹಲವು ವರ್ಷ ಈ ಹಳ್ಳಿಗಳಿಗೆ ಹೋಗುವ ಅಪರಿಚಿತರೆಂದರೆ ಒಂದೋ ಬಂದೂಕು ಹಿಡಿದವರು, ಇಲ್ಲವೇ ಅವರನ್ನು ಹುಡುಕಿಕೊಂಡು ಬಂದವರು.

ಇದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲಲ್ಲಿ ನಡೆದದ್ದನ್ನೂ ಹೇಳಬೇಕು. ಅಲ್ಲಿ ಕಬ್ಬಿಣದ ಅದಿರು ತೆಗೆಯಲು 1976ರಲ್ಲಿ ಸರಕಾರದ ಕಂಪೆನಿಯೇ ಸ್ಥಾಪನೆಯಾಯಿತು. ಪುಡಿ ಮಾಡಿದ ಅದಿರು ನೀರಿನೊಡನೆ ಬೆರೆತು ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟವಿಳಿದು ಮಂಗಳೂರಿನ ಬಂದರಿಗೆ ಹರಿಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ ಆ ಗಣಿ ನಿಂತದ್ದು 2005ರ ಕೊನೆಯ ದಿನ. ಗಣಿ ನಿಲ್ಲಲು ಕಾರಣವಾದದ್ದೂ ಕಾಡನ್ನು ಕಾಯುವ ಕಾನೂನೇ. ಆದುದರಿಂದ ಆ ಕಾನೂನನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದಿಲ್ಲದಿದ್ದರೆ ಈ ಬೆಟ್ಟದ ಇನ್ನಷ್ಟು ಭಾಗ ಹಡಗು ಹತ್ತಿ ಹೋಗಿರುತ್ತಿತ್ತು. ಆದರೆ ಬೆಟ್ಟವನ್ನು ಕರಗಿಸಿ ಸಾಗಿಸುವವನಿಗೆ ದಶಕಗಳ ಕಾಲ ಪರವಾನಗಿ ಇದ್ದಾಗ, ಸೌದೆಯ ಹೊರೆ ಹೊತ್ತವಳು ಅಂಜಿಕೊಂಡು ನಡೆಯಬೇಕಾಗಿತ್ತು ಎಂಬುದನ್ನು ಮರೆಯಲಾಗದು. ತಕ್ಕಡಿಯಲ್ಲಿ ಎಲ್ಲೋ ಒಂದು ಕಡೆ ದೋಷವುಂಟು.

2006ರಲ್ಲಿ ಬಂದ ಅರಣ್ಯ ಹಕ್ಕುಗಳ ಕಾಯಿದೆ ಆ ದೋಷವನ್ನು ಬಾಯಿಬಿಟ್ಟು ಒಪ್ಪಿಕೊಂಡಿತು. ಕಾಡಿನಲ್ಲಿ ಬಾಳಿದ ಜನಕ್ಕೆ ಚರಿತ್ರೆಯಲ್ಲಿ ಅನ್ಯಾಯವಾಗಿದೆ ಎಂಬ ಮಾತು ಆ ಕಾಯಿದೆಯ ಪೀಠಿಕೆಯಲ್ಲಿಯೇ ಇದೆ. ಒಂದು ದೇಶದ ಶಾಸನ ತನ್ನ ಹಿಂದಿನ ತಪ್ಪನ್ನು ಹೀಗೆ ಬರೆದಿಡುವುದು ಸಣ್ಣ ಸಂಗತಿಯಲ್ಲ. ಆದರೆ ಕಾಗದದ ಮಾತು ಬೆಟ್ಟ ಹತ್ತುವುದಕ್ಕೆ ಬಹಳ ಹೊತ್ತು ಬೇಕಾಗುತ್ತದೆ. ಚಾರಣಿಗ ಅದಕ್ಕಿಂತ ಬೇಗ ಹತ್ತುತ್ತಾನೆ.

2024ರ ಸೆಪ್ಟೆಂಬರ್ 27ರಂದು, ವಿಶ್ವ ಪ್ರವಾಸೋದ್ಯಮ ದಿನ, ಬೆಳ್ತಂಗಡಿ ತಾಲೂಕಿನ ಕುತ್ಲೂರು ಗ್ರಾಮಕ್ಕೆ ಕೇಂದ್ರ ಸರಕಾರದ ಪ್ರವಾಸೋದ್ಯಮ ಇಲಾಖೆ ಸಾಹಸ ಪ್ರವಾಸದ ವಿಭಾಗದಲ್ಲಿ ದೇಶದ ಅತ್ಯುತ್ತಮ ಪ್ರವಾಸಿ ಗ್ರಾಮವೆಂಬ ಪ್ರಶಸ್ತಿ ಕೊಟ್ಟಿತು. ನಕ್ಸಲರ ಸುದ್ದಿಯಲ್ಲಿ ಮಾತ್ರ ಹೆಸರು ಕೇಳಿಬರುತ್ತಿದ್ದ ಊರಿಗೆ ಬಂದ ಈ ಗೌರವ ಸಂತೋಷದ್ದೇ. ಊರಿನವರೂ ಸಂತೋಷಪಟ್ಟರು. ಆದರೆ ಈ ವಾರ್ತೆಯನ್ನು ಓದಿದಾಗ ನನಗೆ ಒಂದು ಯೋಚನೆ ಬಂತು. ಇಷ್ಟು ಕಾಲ ಮನೆ ಬಿಟ್ಟು ಬಂದರೆ ಪರಿಹಾರ ಕೊಡುತ್ತೇವೆ ಎಂದು ಯಾರಿಗೆ ಹೇಳಲಾಗುತ್ತಿತ್ತೋ, ಅವರ ನೆಲವನ್ನೇ ನೋಡಲು ಬನ್ನಿರೆಂದು ಈಗ ಲೋಕವನ್ನು ಕರೆಯಲಾಗುತ್ತಿದೆ. ವಾಸಿಸುವವನಿಗೆ ದುರ್ಗಮವಾದ ದಾರಿ ನೋಡಲು ಬರುವವನಿಗೆ ಸಾಹಸವಾಗುತ್ತದೆ. ದಾರಿ ಅದೇ, ಕಲ್ಲು ಅದೇ. ಒಬ್ಬನ ಕಷ್ಟ ಇನ್ನೊಬ್ಬನ ವಿನೋದ.

ಇಂಥ ಸಂಗತಿ ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಕುತ್ಲೂರಿಗೆ ಪ್ರಶಸ್ತಿ ಬರುವುದಕ್ಕೆ ಒಂಬತ್ತು ದಿನ ಮೊದಲು, ಸೆಪ್ಟೆಂಬರ್ 18ರಂದು, ಅಮೆರಿಕದಲ್ಲಿ ಒಂದು ಬೆಟ್ಟಕ್ಕೆ ಅದರ ಹಳೆಯ ಹೆಸರು ಮರಳಿ ಬಂತು. ಅಲ್ಲಿ ಗ್ರೇಟ್ ಸ್ಮೋಕಿ ಪರ್ವತಗಳೆಂಬ ಕಾಡುಬೆಟ್ಟಗಳ ಸಾಲಿದೆ. ನಮ್ಮ ಘಟ್ಟದ ಹಾಗೆಯೇ ಮಂಜು ಕವಿದ ನಾಡು. 1934ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ವರ್ಷಕ್ಕೆ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಮೀರಿದ ಭೇಟಿಗಳು ಅಲ್ಲಿ ನಡೆಯುತ್ತವೆ. ಆ ದೇಶದ ಯಾವ ರಾಷ್ಟ್ರೀಯ ಉದ್ಯಾನಕ್ಕೂ ಇಷ್ಟು ಜನ ಹೋಗುವುದಿಲ್ಲ. ಆ ಬೆಟ್ಟಗಳ ಮೂಲದ ಒಡೆಯರು ಚೆರೋಕಿ ಜನ. ಅವರನ್ನು ಬರಿಯ ಬೇಟೆಗಾರರೆಂದು ಭಾವಿಸಬಾರದು. 1821ರ ಹೊತ್ತಿಗೆ ಸೆಕ್ವೋಯ ಎಂಬವನು, ಇಂಗ್ಲಿಷಿನ ಓದು ಬರಹ ತಿಳಿಯದವನು, ತನ್ನ ಭಾಷೆಗೆ ಎಂಬತ್ತಕ್ಕೂ ಮೀರಿದ ಅಕ್ಷರಗಳ ಲಿಪಿಯನ್ನು ತಾನೇ ರೂಪಿಸಿದ. ನಮ್ಮ ಕಾಗುಣಿತದಂತೆ ಒಂದೊಂದು ಉಚ್ಚಾರಕ್ಕೆ ಒಂದೊಂದು ಅಕ್ಷರ. 1828ರಲ್ಲಿ ಅವರದೇ ಪತ್ರಿಕೆ ಹೊರಟಿತು. 1832ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಆದರೂ 1838ರಲ್ಲಿ ಸೈನ್ಯ ಬಂದು ಸುಮಾರು ಹದಿನಾರು ಸಾವಿರ ಜನರನ್ನು ಪಶ್ಚಿಮಕ್ಕೆ ಅಟ್ಟಿತು. ದಾರಿಯಲ್ಲಿ ಸತ್ತವರು ಸುಮಾರು ನಾಲ್ಕು ಸಾವಿರವೆಂದು ಅಂದಾಜು. ಕಣ್ಣೀರಿನ ದಾರಿ ಎಂದೇ ಅದಕ್ಕೆ ಹೆಸರು. ಬೆಟ್ಟದಲ್ಲಿ ಅಡಗಿಯೋ, ಬೇರೆ ಆಸರೆ ಹಿಡಿದೋ ಉಳಿದುಕೊಂಡ ಕೆಲವರ ಸಂತತಿ ಇಂದಿಗೂ ಆ ಉದ್ಯಾನದ ಅಂಚಿನಲ್ಲಿದೆ.

ಮುಂದೆ ಪ್ರವಾಸಿಗಳು ಬರತೊಡಗಿದಾಗ ಆ ಸಂತತಿಯವರಲ್ಲಿ ಕೆಲವರು ರಸ್ತೆಯ ಬದಿಯಲ್ಲಿ ಉದ್ದ ಗರಿಗಳ ಕಿರೀಟ ತೊಟ್ಟು ನಿಂತು ಚಿತ್ರ ತೆಗೆಸಿಕೊಂಡು ಕಾಸು ಸಂಪಾದಿಸಿದರು. ಅಂಥ ಕಿರೀಟ ಚೆರೋಕಿಗಳ ಉಡುಪೇ ಅಲ್ಲ. ದೂರದ ಬಯಲು ಸೀಮೆಯ ಬೇರೆ ಜನಾಂಗಗಳದು. ಆದರೆ ನೋಡಲು ಬಂದವರು ಬಯಸಿದ್ದು ಗರಿಯನ್ನು. ಹೊಟ್ಟೆಪಾಡಿಗಾಗಿ ತನ್ನದಲ್ಲದ ವೇಷವನ್ನು ತನ್ನ ಮನೆಯ ಮುಂದೆಯೇ ಹಾಕಿಕೊಳ್ಳಬೇಕಾದ ಮನುಷ್ಯನ ಸ್ಥಿತಿಯನ್ನು ಊಹಿಸಿ. ನೋಡುವವನ ಕಣ್ಣು ಹಣ ಕೊಡುತ್ತದೆ, ನಿಜ. ಕೊಡುತ್ತಲೇ, ನೀನು ಹೀಗಿರಬೇಕೆಂದು ಆಜ್ಞೆಯನ್ನೂ ಮಾಡುತ್ತದೆ. ನಮ್ಮ ಕಾಡಂಚಿನ ಹಳ್ಳಿಗಳಲ್ಲಿ ನಾಳೆ ಇಂಥದೇ ನಡೆಯಲಾರದೆಂದು ಯಾರು ಹೇಳಬಲ್ಲರು? ದೈವದ ನೇಮವನ್ನು ಶನಿವಾರದ ಅತಿಥಿಗಳಿಗಾಗಿ ಅರ್ಧ ಗಂಟೆಗೆ ಕತ್ತರಿಸಿ ತೋರಿಸಿದರೆ ನೋಡುವವರು ಸಿಗುತ್ತಾರೆ. ಆದರೆ ದೈವ ಅಲ್ಲಿರುವುದೇ?

ಇನ್ನು ಆ ಬೆಟ್ಟದ ಹೆಸರಿನ ವಿಷಯ. ಉದ್ಯಾನದ ಅತಿ ಎತ್ತರದ ಶಿಖರ, 6,643 ಅಡಿಯದು, ಚೆರೋಕಿಗಳ ಮಾತಿನಲ್ಲಿ ಕುವೋಹಿ. ಹಿಪ್ಪುನೇರಳೆಯ ಜಾಗವೆಂದು ಅರ್ಥ. ಒಬ್ಬ ರಾಜಕಾರಣಿಯ ಹೆಸರಿನಿಂದ ಅದು ಬಹುಕಾಲ ಕ್ಲಿಂಗ್ಮನ್ಸ್ ಡೋಮ್ ಆಗಿತ್ತು. ಚೆರೋಕಿಗಳ ಕೋರಿಕೆಯ ಮೇಲೆ 2024ರಲ್ಲಿ ಮತ್ತೆ ಕುವೋಹಿಯಾಯಿತು. ಹೆಸರು ಬದಲಾದರೆ ಹೊಟ್ಟೆ ತುಂಬುತ್ತದೆಯೆ ಎಂದು ಕೇಳಬಹುದು. ಬರಿಯ ಹೆಸರೇ ಆಗಿದ್ದರೆ ನಾನೂ ಹಾಗೆಯೇ ಕೇಳುತ್ತಿದ್ದೆ. ಆದರೆ ಇನ್ನೂ ಎರಡು ಕೆಲಸ ಅಲ್ಲಿ ನಡೆದಿದೆ. ವರ್ಷದಲ್ಲಿ ಕೆಲವು ಅರ್ಧ ದಿನ ಆ ಶಿಖರವನ್ನು ಪ್ರವಾಸಿಗಳಿಗೆ ಮುಚ್ಚಿ, ಚೆರೋಕಿ ಶಾಲೆಯ ಮಕ್ಕಳು ತಮ್ಮ ಹಿರಿಯರೊಡನೆ ಅಲ್ಲಿಗೆ ಹೋಗಿ ತಮ್ಮ ಭಾಷೆಯಲ್ಲಿ ತಮ್ಮ ಕತೆ ಕೇಳುವ ಏರ್ಪಾಡು ಮಾಡಿದ್ದಾರೆ. 2019ರಲ್ಲಿ ಮಾಡಿಕೊಂಡ ಒಪ್ಪಂದದಂತೆ, ಅವರು ಅನಾದಿಯಿಂದ ತಿನ್ನುತ್ತಿದ್ದ ಸೋಚನ್ ಎಂಬ ಸೊಪ್ಪನ್ನು ಉದ್ಯಾನದೊಳಗೆ ಕೊಯ್ಯಲು ಅವರಿಗೆ ಅನುಮತಿಯುಂಟು. ಇಷ್ಟರಿಂದ 1838ರ ಪಾಪ ಪರಿಹಾರವಾಗುವುದಿಲ್ಲ. ಆದರೆ ಕೋಟಿಗಟ್ಟಲೆ ಜನ ಬರುವ ಜಾಗದಲ್ಲಿ, ಸ್ವಲ್ಪ ಹೊತ್ತು ನೀವು ಹೊರಗೆ ನಿಲ್ಲಿ, ಮನೆಯವರು ಒಳಗಿದ್ದಾರೆ ಎಂದು ಹೇಳುವ ಒಂದು ಬಾಗಿಲು ಅಲ್ಲಿ ಉಂಟಾಯಿತು. ನನಗೆ ಬೇಕಾದ ಪಾಠ ಅದು.

ಹಾಗೆ ಹೇಳಿದೊಡನೆ ಕೆಲವರು ಮೂರು ಆಕ್ಷೇಪಗಳನ್ನು ತೆಗೆಯಬಹುದು. ಕಾಡು ದೇಶದ ಸೊತ್ತು, ನಾನು ಶುಲ್ಕ ಕೊಟ್ಟು ಹೋಗುತ್ತೇನೆ, ಇದರಲ್ಲಿ ಯಾರ ಹಂಗು ಎಂಬುದು ಮೊದಲನೆಯದು. ಬೆಲೆಗೂ ಋಣಕ್ಕೂ ಇರುವ ಭೇದವನ್ನು ಈ ವಾದ ಮರೆಯುತ್ತದೆ. ಬೆಲೆ ಕೊಟ್ಟರೆ ತೀರಿತು. ಕೊಟ್ಟವನೂ ತೆಗೆದುಕೊಂಡವನೂ ಮತ್ತೆ ಪರಸ್ಪರ ನೆನೆಯಬೇಕಾಗಿಲ್ಲ. ಋಣ ಹಾಗಲ್ಲ. ನಾವು ಕೊಡುವ ಶುಲ್ಕ ಇಲಾಖೆಗೆ ಸಲ್ಲುತ್ತದೆ. ದಾರಿಯನ್ನು ತಲೆಮಾರುಗಳಿಂದ ತುಳಿದು ದಾರಿಯಾಗಿಸಿದವರಿಗೆ, ತೊರೆಗೆ ಹೆಸರಿಟ್ಟವರಿಗೆ, ಯಾವ ಬಂಡೆ ಜಾರುತ್ತದೆಂದು ಹೇಳುವವರಿಗೆ ಸಲ್ಲಬೇಕಾದದ್ದು ಬೇರೆ ಉಂಟು. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಬಾಗಿಲಲ್ಲಿ ನಾವು ಕೇಳುವವರಿಲ್ಲದಿದ್ದರೂ ಚಪ್ಪಲಿ ಕಳಚುತ್ತೇವೆ. ಊರಿನ ನಾಗಬನದಲ್ಲಿ ಕಾರಣವಿಲ್ಲದೆ ಕಾಲಿಡುವುದಿಲ್ಲ. ಕಲ್ಲಿನ ಮನೆಗೂ ನಾಲ್ಕು ಮರಗಳ ಬನಕ್ಕೂ ತೋರುವ ಈ ಸಂಕೋಚ ದೊಡ್ಡ ಕಾಡಿನ ಮುಂದೆ ಎಲ್ಲಿ ಹೋಗುತ್ತದೆ?

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಪ್ರವಾಸಿಗಳು ಬಂದರೆ ಆ ಜನಕ್ಕೆ ನಾಲ್ಕು ಕಾಸು ಸಿಗುತ್ತದೆ. ಅವರೇ ಬೇಡವೆನ್ನದಿರುವಾಗ ನಿಮಗೇಕೆ ಚಿಂತೆ? ಇದರಲ್ಲಿ ನಿಜವುಂಟು. ಮಲೆಕುಡಿಯರ ಮಕ್ಕಳು ಇಂದು ಪದವಿ ಓದುತ್ತಾರೆ, ನೌಕರಿ ಹುಡುಕುತ್ತಾರೆ, ರಸ್ತೆ ಬೇಕು ಬಸ್ಸು ಬೇಕು ಎನ್ನುತ್ತಾರೆ. ಅವರು ನಮ್ಮ ಕಣ್ಣಿನ ತಂಪಿಗಾಗಿ ಬಿದಿರು ಬುಟ್ಟಿ ಹೆಣೆಯುತ್ತ ಹಾಗೆಯೇ ಇರಬೇಕೆಂದು ಬಯಸುವುದೂ ಒಂದು ಬಗೆಯ ಕ್ರೌರ್ಯವೇ. ದಾರಿ ತೋರುವ ಕೆಲಸ, ಊಟ ವಸತಿಯ ವ್ಯವಸ್ಥೆ ಅವರ ಕೈಯಲ್ಲೇ ಇದ್ದು, ಅದರ ಲಾಭ ಅವರಿಗೇ ಸೇರುವುದಾದರೆ ಅದಕ್ಕಿಂತ ಒಳ್ಳೆಯದೇನಿದೆ? ಆದರೆ ಕೆಲಸ ಕೊಡುವುದು ಒಂದು, ಗೌರವ ಕೊಡುವುದು ಇನ್ನೊಂದು. ಕೂಲಿ ಕೊಟ್ಟ ಮಾತ್ರಕ್ಕೆ ಯಜಮಾನನನ್ನು ಆಳು ಮಾಡಿಕೊಳ್ಳುವ ಅಧಿಕಾರ ಬರುವುದಿಲ್ಲ.

ಮೂರನೆಯ ಆಕ್ಷೇಪ ಚರಿತ್ರೆ ಬಲ್ಲವರದು. ಯಾವ ನೆಲ ತಾನೇ ಒಮ್ಮೆ ಬೇರೆಯವರದಾಗಿರಲಿಲ್ಲ? ಬೆಳ್ತಂಗಡಿಯ ಸಮೀಪದ ಗಡಾಯಿಕಲ್ಲನ್ನೇ ನೋಡಿ. ಒಂದು ಕಾಲಕ್ಕೆ ನರಸಿಂಹಗಡ. 1794ರಲ್ಲಿ ಟಿಪ್ಪು ಸುಲ್ತಾನ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಕರೆದ. 1799ರಲ್ಲಿ ಇಂಗ್ಲಿಷರ ಕೈಸೇರಿತು. ಗೆದ್ದವರೆಲ್ಲ ಹೆಸರಿಟ್ಟರು, ಗೆದ್ದವರೆಲ್ಲ ಹೋದರು. ಊರವರು ಮಾತ್ರ ಅದನ್ನು ಗಡಾಯಿಕಲ್ಲು ಎಂದೇ ಕರೆಯುತ್ತ ಉಳಿದರು. ನಿಜ, ಎಲ್ಲ ನೆಲವೂ ಕೈಯಿಂದ ಕೈಗೆ ಹೋದದ್ದೇ. ಆದರೆ ಹಿಂದೆ ಹೀಗಾಯಿತೆಂಬುದು ಇಂದು ಹೀಗೆ ಮಾಡುವುದಕ್ಕೆ ಸಮರ್ಥನೆಯಾಗಲಾರದು. ಸತ್ತವರ ಹಕ್ಕಿನ ವಿಚಾರ ವಿದ್ವಾಂಸರಿಗಿರಲಿ. ನಾನು ಹೇಳುತ್ತಿರುವುದು ಜಗಲಿಯ ಮೇಲೆ ಚೆಂಬು ಹಿಡಿದು ನಿಂತಿರುವವರ ವಿಷಯ.

ಹಾಗಾದರೆ ಬೆಟ್ಟ ಹತ್ತುವವನು ಮಾಡಬೇಕಾದ್ದೇನು? ಉತ್ತರ ನಮ್ಮ ಮಾತಿನಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ತಿಥಿ ಗೊತ್ತಿಲ್ಲದೆ ಬರುವವನು ಅತಿಥಿ ಎಂದು ಹಿಂದಿನವರು ಅರ್ಥ ಹೇಳುತ್ತಿದ್ದರು. ಕಾರಂತರ ‘ಬೆಟ್ಟದ ಜೀವ’ ಬಂದದ್ದು 1943ರಲ್ಲಿ. ಕುಮಾರಪರ್ವತದ ಮಗ್ಗುಲಲ್ಲಿ ದಾರಿ ತಪ್ಪಿದವನಿಗೆ ಗೋಪಾಲಯ್ಯನ ಮನೆಯಲ್ಲಿ ದಿನಗಟ್ಟಲೆ ಆತಿಥ್ಯ ದೊರೆಯುತ್ತದೆ. ಅದೇ ಕುಮಾರಪರ್ವತಕ್ಕೆ 2024ರ ಜನವರಿಯ ರಜೆಯಲ್ಲಿ ಸಾವಿರಾರು ಜನ ಒಮ್ಮೆಗೇ ನುಗ್ಗಿ ಕಾಲಿಡಲು ಜಾಗವಿಲ್ಲದಂತಾಯಿತು. ಆ ಮೇಲೆ ಸರಕಾರ ಚಾರಣವನ್ನು ಕೆಲಕಾಲ ತಡೆದು, ಆ ವರ್ಷದ ಅಕ್ಟೋಬರಿನಿಂದ ಅಂತರ್ಜಾಲದಲ್ಲಿ ಹೆಸರು ನೋಂದಾಯಿಸುವ, ಒಂದು ದಾರಿಗೆ ದಿನಕ್ಕೆ 300 ಮಂದಿಯ ಮಿತಿ ಇಡುವ ಕ್ರಮ ತಂದಿತು. ಕ್ರಮ ಒಳ್ಳೆಯದೇ. ಆದರೆ ಇಂದಿನ ಚಾರಣಿಗ ತಿಥಿ ಗೊತ್ತುಮಾಡಿಕೊಂಡು, ಸಂಖ್ಯೆ ಪಡೆದುಕೊಂಡು ಬರುತ್ತಾನೆ. ಶಬ್ದಾರ್ಥದಲ್ಲಿ ಅವನು ಅತಿಥಿಯಲ್ಲ. ನಡತೆಯಲ್ಲಾದರೂ ಆಗಬಹುದಲ್ಲ!

ಅತಿಥಿ ಮನೆಯವರ ಹೆಸರು ಕೇಳುತ್ತಾನೆ, ಕೊಟ್ಟದ್ದನ್ನು ಬೇಡವೆನ್ನುವುದಿಲ್ಲ, ಕರೆಯದ ಕೋಣೆಗೆ ಹೋಗುವುದಿಲ್ಲ, ಕೇಳದೆ ಚಿತ್ರ ತೆಗೆಯುವುದಿಲ್ಲ. ದೈವದ ಕಾರ್ಯವೋ ಮರಣವೋ ಇದ್ದು ಈ ದಿನ ಬರಬೇಡಿರೆಂದರೆ ಮುನಿಸಿಕೊಳ್ಳದೆ ತಿರುಗಿ ಹೋಗುತ್ತಾನೆ. ಮುಖ್ಯವಾಗಿ, ಹಿಂತಿರುಗಿದ ಮೇಲೆಯೂ ಆ ಮನೆಯನ್ನು ಮರೆಯುವುದಿಲ್ಲ. ಒಂದು ಸಂಕದ ಸಲುವಾಗಿ, ಒಂದು ವಿದ್ಯುತ್ತಿನ ಕಂಬದ ಸಲುವಾಗಿ, ಹಕ್ಕುಪತ್ರದ ಸಲುವಾಗಿ ಆ ಹಳ್ಳಿಯವರು ತಾಲೂಕು ಕಚೇರಿಗೆ ಅಲೆಯುವಾಗ, ಆ ದಾರಿಯಲ್ಲಿ ನಡೆದು ಮೊಣಕಾಲು ನೋಯಿಸಿಕೊಂಡ ಪೇಟೆಯವರು ಸಾವಿರಾರು ಮಂದಿ ಇದ್ದಾರೆ. ದಾರಿ ಹೇಗಿದೆಯೆಂದು ಅವರಿಗೆ ಚೆನ್ನಾಗಿ ಗೊತ್ತು. ಅವರಲ್ಲಿ ಹತ್ತು ಮಂದಿ ಪತ್ರಿಕೆಗೆ ಒಂದು ಪತ್ರ ಬರೆದರೆ, ಒಂದು ಸಾಕ್ಷಿ ನುಡಿದರೆ, ಜಲಪಾತದ ನೂರು ಚಿತ್ರಗಳಿಗಿಂತ ಅದು ಹೆಚ್ಚು. ಋಣ ತೀರುವುದು ಹೀಗೆ. ಅಥವಾ ತೀರದೆ ನೆನಪಿನಲ್ಲಿರುವುದು ಹೀಗೆ.

ಕಳೆದ ಜನವರಿಯಲ್ಲಿ ನಾನು ಇಬ್ಬರು ವಿದ್ಯಾರ್ಥಿಗಳೊಡನೆ ಮತ್ತೆ ಆ ಮನೆಗೆ ಹೋದೆ. ಜಲಪಾತಕ್ಕಲ್ಲ, ಮನೆಗೆ. ಹಿಂದಿನ ಸಲದ ತಪ್ಪಿಗೆ ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಅಜ್ಜಿಗೆ ನಮ್ಮ ಗುರುತು ಹತ್ತಲಿಲ್ಲ; ಅಂಗಳ ಹಾದುಹೋಗುವ ನೂರಾರು ಮುಖಗಳಲ್ಲಿ ಯಾವುದೆಂದು ನೆನಪಿಟ್ಟಾರು? ಬೆಲ್ಲ ನೀರು ತಂದಿಟ್ಟರು. ಕುಡಿದೆವು. ಮಳೆಗಾಲದಲ್ಲಿ ತೊರೆ ಎಲ್ಲಿಯವರೆಗೆ ಏರುತ್ತದೆ, ಆನೆ ಬರುವುದುಂಟೆ ಎಂದು ನಾವು ಬೆಟ್ಟದ ಮಾತೆತ್ತಿದೆವು. ಅವರು ಒಂದೆರಡು ಮಾತಿನಲ್ಲಿ ಉತ್ತರ ಹೇಳಿ, ಬಂಟವಾಳದಲ್ಲಿ ಅಡಿಕೆಗೆ ಈಗ ಎಷ್ಟು ಧಾರಣೆ ಎಂದು ಕೇಳಿದರು. ನಮ್ಮಲ್ಲಿ ಯಾರಿಗೂ ಅದು ತಿಳಿದಿರಲಿಲ್ಲ. ಮುಂದಿನ ಸಲ ಬರುವಾಗ ವಿಚಾರಿಸಿಕೊಂಡು ಬನ್ನಿ ಎಂದರು.